ಉರಿಯಲ್ಲೂ ನಿಜ ಹೇಳುವ ಶಾಖಮಾಪಕ



ಕೊಯ್ಲಿನ ಹೊತ್ತಿಗೆ ಮಳೆ ಬರುವುದು ಈಚಿನ ವರ್ಷಗಳಲ್ಲಿ ನಮಗೆ ಹೊಸದಲ್ಲ. ಕಣದಲ್ಲಿ ಹರವಿದ ಕಾಫಿಯನ್ನೂ ಅಂಗಳದಲ್ಲಿ ಹಾಕಿದ ಅಡಿಕೆಯನ್ನೂ ಬಿಸಿಲೊಂದನ್ನೇ ನಂಬಿ ಬಿಡುವುದು ಕಷ್ಟವಾಗಿ, ಸಣ್ಣ ಬೆಳೆಗಾರರೂ ಒಬ್ಬೊಬ್ಬರಾಗಿ ಇಲ್ಲವೆ ನಾಲ್ಕೈದು ಮಂದಿ ಸೇರಿ ಡ್ರೈಯರ್ ಕೊಳ್ಳುತ್ತಿದ್ದಾರೆ. ಸಂಘದ ಕಚೇರಿಗೆ ಬಂದು ವಿಚಾರಿಸುವವರು ಡ್ರಮ್ಮು ಎಷ್ಟು ಚೀಲ ಹಿಡಿಯುತ್ತದೆ, ಮೋಟಾರು ಎಷ್ಟು ಅಶ್ವಶಕ್ತಿಯದು, ಗಂಟೆಗೆ ಎಷ್ಟು ಸೌದೆ ಬೇಕು ಎಂದು ಕೇಳುತ್ತಾರೆ. ಒಲೆಗೂ ಕಾಳಿಗೂ ನಡುವೆ ನಿಂತು ಶಾಖ ಎಷ್ಟೆಂದು ಹೇಳುವ ಗೇಣುದ್ದದ ಕಡ್ಡಿಯ ವಿಷಯ ಕೇಳುವವರು ಕಡಿಮೆ. ಆದರೆ ಇಡೀ ಯಂತ್ರ ನಡೆಯುವುದು ಆ ಕಡ್ಡಿ ಕೊಟ್ಟ ಮಾತಿನ ಮೇಲೆ. ಅದು ತಪ್ಪು ಹೇಳಿದರೆ ವರ್ಷದ ಬೆಳೆ ಒಂದೇ ರಾತ್ರಿಯಲ್ಲಿ ದರ ಕಳೆದುಕೊಳ್ಳುತ್ತದೆ.

ಈ ಸಲದ ಪಾಠಕ್ಕೆ ನಾವು ಆ ಕಡ್ಡಿಯನ್ನೇ ಆರಿಸಿಕೊಂಡಿದ್ದೇವೆ. ಅಂಗಡಿಯಲ್ಲೂ ಮೆಕ್ಯಾನಿಕ್ಕರ ಬಾಯಲ್ಲೂ ಅದರ ಹೆಸರು ಸೆನ್ಸರ್. ನಾವೂ ಹಾಗೆಯೇ ಕರೆಯೋಣ. ಬೆಂಕಿ, ಆವಿ, ಧೂಳು, ಅಲುಗಾಟಗಳ ನಡುವೆ ಅದನ್ನು ಬಾಳಿಸುವ ವಿದ್ಯೆ ಹೇಗೆ ಬೆಳೆಯಿತು, ಅದರಿಂದ ನಾವು ಕಲಿಯಬೇಕಾದುದೇನು ಎಂಬುದನ್ನು ಕ್ರಮವಾಗಿ ನೋಡೋಣ.

ಅಕ್ಕಿ ಗಿರಣಿಯನ್ನು ಏಕೆ ನೋಡಬೇಕು?

ಕಾಫಿ, ಅಡಿಕೆ ಬೆಳೆಯುವವರಿಗೆ ಕೊಪ್ಪಳ ಜಿಲ್ಲೆ ಗಂಗಾವತಿ ತಾಲ್ಲೂಕಿನ ಶ್ರೀರಾಮನಗರದಲ್ಲಿ ಏನು ಕೆಲಸ ಎಂದು ಕೇಳಬಹುದು. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಲ್ಲಿ ನೀರು ನಿಂತು, ಎಡದಂಡೆ ಕಾಲುವೆ ಹರಿದ ಮೇಲೆ ಆ ಕಡೆಯ ಬೆದ್ದಲು ಭೂಮಿ ಭತ್ತದ ಗದ್ದೆಯಾಯಿತು. ಹೊರಗಿನಿಂದ ಬಂದ ರೈತರ ಕ್ಯಾಂಪುಗಳು ಊರುಗಳಾದವು. ಗಂಗಾವತಿಗೆ ಭತ್ತದ ಕಣಜವೆಂಬ ಹೆಸರು ಬಂತು. ಗಂಗಾವತಿ, ಶ್ರೀರಾಮನಗರ, ಕಾರಟಗಿ ಸುತ್ತಮುತ್ತ ಅಕ್ಕಿ ಗಿರಣಿಗಳು ಎದ್ದವು. ನಮ್ಮ ಅಡಿಗೆಮನೆಗೆ ಬರುವ ಸೋನಾಮಸೂರಿ ಚೀಲದ ಮೇಲೆ ಆ ಊರುಗಳ ಹೆಸರನ್ನು ನೀವೂ ಓದಿರಬಹುದು.

ನಾವು ವರ್ಷದಲ್ಲಿ ಕೆಲವು ವಾರ ಮಾತ್ರ ಡ್ರೈಯರ್ ಉರಿಸುತ್ತೇವೆ. ಗಿರಣಿಯವರಿಗೆ ಅದು ತಿಂಗಳುಗಟ್ಟಲೆ ನಡೆಯುವ ಕೆಲಸ. ನಮ್ಮ ಯಂತ್ರದಲ್ಲಿ ಐದು ವರ್ಷಕ್ಕೆ ಕಾಣುವ ದೋಷ ಅಲ್ಲಿ ಒಂದೇ ಹಂಗಾಮಿನಲ್ಲಿ ಕಾಣುತ್ತದೆ. ಕಾಳು ಒಣಗಿಸುವ ಯಂತ್ರದ ಗುಣಾವಗುಣ ತಿಳಿಯಲು ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಭತ್ತ ಬೇಯಿಸಿ ಒಣಗಿಸುವ ಗಿರಣಿಯಲ್ಲಿ ಸೆನ್ಸರಿಗೆ ಮೂರು ಬಗೆಯ ಕಷ್ಟವಿದೆ. ಮೊದಲನೆಯದು ನೆನೆಹಾಕುವ ತೊಟ್ಟಿ. ಹಿಂದೆ ಭತ್ತವನ್ನು ತಣ್ಣೀರಿನಲ್ಲಿ ಎರಡು ಮೂರು ದಿನ ನೆನೆಹಾಕುತ್ತಿದ್ದರು. ಹುಳಿತು ವಾಸನೆ ಬರುತ್ತಿತ್ತು. ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆ ಬಿಸಿನೀರಿನ ವಿಧಾನವನ್ನು ರೂಪಿಸಿತು. ಸುಮಾರು 70 ಡಿಗ್ರಿ ಸೆಂಟಿಗ್ರೇಡ್ ನೀರಿನಲ್ಲಿ 3ರಿಂದ 4 ಗಂಟೆ ಸಾಕು. ಆದರೆ ಶಾಖ ಇಳಿದರೆ ಒಳಗಿನ ಕಾಳು ನೆನೆಯದು, ಏರಿದರೆ ಹೊಟ್ಟು ಬಿರಿದು ಗಂಜಿ ಹೊರಬರುತ್ತದೆ. ಈ ತೊಟ್ಟಿಯಲ್ಲಿ ಕೂತ ಸೆನ್ಸರ್ ದಿನವೂ ಕೆಸರು, ಬಿಸಿನೀರು, ಆವಿ, ಮೇಲಿನಿಂದ ಸುರಿಯುವ ಭತ್ತದ ಪೆಟ್ಟು ಇವೆಲ್ಲವನ್ನೂ ತಡೆಯಬೇಕು.

ಎರಡನೆಯದು ಬಾಯ್ಲರಿನ ಒಲೆ. ಭತ್ತದ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ಉಮಿ. ಅದನ್ನೇ ಉರುವಲಾಗಿ ಬಳಸುತ್ತಾರೆ. ಉಮಿ ಉರಿದರೆ ಮತ್ತೆ ಅದರ ಐದರಲ್ಲೊಂದು ಪಾಲಿನಷ್ಟು ಬೂದಿ ಉಳಿಯುತ್ತದೆ. ಆ ಬೂದಿಯ ಹೆಚ್ಚಿನ ಪಾಲು ಸಿಲಿಕಾ, ಅಂದರೆ ಮರಳಿನ ಜಾತಿಯ ವಸ್ತು. ಬಿಸಿಗಾಳಿಯೊಂದಿಗೆ ಹಾರುವ ಈ ಬೂದಿ ಉಪ್ಪುಕಾಗದ ತಿಕ್ಕಿದಂತೆ ಲೋಹವನ್ನು ಸವೆಸುತ್ತದೆ. ಮೂರನೆಯದು ಡ್ರೈಯರ್. ಅಲ್ಲಿ ಶಾಖ ಹೆಚ್ಚಿಲ್ಲ, ಆದರೆ ತೇವದ ಗಾಳಿ, ಹೊಟ್ಟಿನ ಧೂಳು ಮತ್ತು ಫ್ಯಾನಿನ ಎಡೆಬಿಡದ ಅಲುಗಾಟವಿದೆ. ಮೂರೂ ಕಡೆಗೆ ಒಂದೇ ಸೆನ್ಸರ್ ಹೊಂದುವುದಿಲ್ಲ. ಇದು ಮೊದಲ ಪಾಠ.

ಸೆನ್ಸರ್ ಶಾಖವನ್ನು ಹೇಗೆ ಅರಿಯುತ್ತದೆ?

ಬಳಕೆಯಲ್ಲಿರುವುದು ಮುಖ್ಯವಾಗಿ ಎರಡು ವಿಧ. ಒಂದು ಪ್ಲಾಟಿನಂ ತಂತಿಯದು. ಲೋಹ ಬಿಸಿಯಾದಂತೆ ವಿದ್ಯುತ್ತಿಗೆ ಅದು ಒಡ್ಡುವ ತಡೆ ಹೆಚ್ಚುತ್ತದೆ. ಪಿಟಿ-100 ಎಂದು ಕರೆಯುವ ಸೆನ್ಸರಿನ ತಡೆ 0 ಡಿಗ್ರಿಯಲ್ಲಿ 100 ಓಮ್, 100 ಡಿಗ್ರಿಯಲ್ಲಿ 138.5 ಓಮ್. ಒಂದು ಡಿಗ್ರಿಗೆ ಸುಮಾರು 0.39 ಓಮ್ ವ್ಯತ್ಯಾಸ.

ಇನ್ನೊಂದು ಥರ್ಮೋಕಪಲ್. ಬೇರೆ ಬೇರೆ ಎರಡು ಲೋಹದ ತಂತಿಗಳ ತುದಿಯನ್ನು ಬೆಸೆದು ಆ ಬೆಸುಗೆಯನ್ನು ಕಾಯಿಸಿದರೆ ಅಲ್ಪ ಪ್ರಮಾಣದ ವಿದ್ಯುತ್ತು ಹುಟ್ಟುತ್ತದೆ. 1821ರಲ್ಲಿ ಸೀಬೆಕ್ ಎಂಬ ವಿಜ್ಞಾನಿ ಕಂಡುಕೊಂಡ ಗುಣವಿದು. ಕಾರ್ಖಾನೆಗಳಲ್ಲಿ ಹೆಚ್ಚಾಗಿ ಬಳಸುವುದು ಕೆ-ಟೈಪ್. ಅದರ ಎರಡೂ ತಂತಿಗಳು ನಿಕ್ಕಲ್ ಮಿಶ್ರಲೋಹದವು. ನೂರು ಡಿಗ್ರಿ ಶಾಖಕ್ಕೆ ಅದು ಕೊಡುವುದು ಕೇವಲ 4 ಮಿಲಿವೋಲ್ಟ್. ಇಷ್ಟು ಸಣ್ಣ ಸೂಚನೆಯನ್ನು ನಂಬಿ ನಡೆಯುವುದರಿಂದ ತಂತಿಯಲ್ಲಿ ಸ್ವಲ್ಪ ತೇವ, ಸ್ವಲ್ಪ ತುಕ್ಕು, ಸ್ವಲ್ಪ ಸಡಿಲವಾದ ಸ್ಕ್ರೂ ಕೂಡ ಲೆಕ್ಕ ಕೆಡಿಸಬಲ್ಲದು.

ಬಾಳಿಕೆ ಬಂದ ಬಗೆ

1871ರಲ್ಲಿ ವಿಲಿಯಂ ಸೀಮೆನ್ಸ್ ಪ್ಲಾಟಿನಂ ತಂತಿಯಿಂದ ಕುಲುಮೆಯ ಶಾಖ ಅಳೆಯಬಹುದೆಂದು ತೋರಿಸಿದರು. ಆದರೆ ಕುಲುಮೆಯಲ್ಲಿ ಕೆಲವು ಸಲ ಕಾಯಿಸಿದ ಮೇಲೆ ಆ ಉಪಕರಣಗಳ ಅಳತೆ ಬದಲಾಗತೊಡಗಿತು. ತಂತಿ ತುಂಡಾಗಿರಲಿಲ್ಲ, ಹೊರಗೆ ನೋಡಿದರೆ ಎಲ್ಲ ಸರಿಯಿತ್ತು. ಒಳಗೆ ಪ್ಲಾಟಿನಂ ಕೆಟ್ಟು ಅದರ ಗುಣ ಬದಲಾಗಿತ್ತು. ಪ್ಲಾಟಿನಮ್ಮಿನ ಮೇಲೆ ಇಟ್ಟಿದ್ದ ನಂಬಿಕೆಯೇ ಹೋಯಿತು. 1887ರಲ್ಲಿ ಕ್ಯಾಲೆಂಡರ್ ಎಂಬ ಇನ್ನೊಬ್ಬ ವಿಜ್ಞಾನಿ ಇದಕ್ಕೆ ಪರಿಹಾರ ತೋರಿಸಿದರು. ಶುದ್ಧ ತಂತಿಯನ್ನು ಎಳೆತ ಬೀಳದಂತೆ ಸುತ್ತಿ, ಕೊಳೆಯೂ ಅನಿಲವೂ ತಾಕದಂತೆ ಕಾಪಾಡಿದರೆ ಅದೇ ಪ್ಲಾಟಿನಂ ವರ್ಷಗಟ್ಟಲೆ ಒಂದೇ ಮಾತನ್ನಾಡುತ್ತದೆ ಎಂದರು. ಬಾಳಿಕೆಯ ಸೆನ್ಸರಿನ ಮೂಲಸೂತ್ರ ಇಂದಿಗೂ ಇದೇ.

ಇಂದು ಈ ಕಾಪಾಡುವಿಕೆ ಎರಡು ಒರೆಗಳಲ್ಲಿ ನಡೆಯುತ್ತದೆ. ಒಳಗಿನ ಒರೆಯಲ್ಲಿ ತಂತಿಗಳನ್ನು ತೆಳುವಾದ ಸ್ಟೇನ್‌ಲೆಸ್ ಸ್ಟೀಲ್ ಕೊಳವೆಯೊಳಗೆ ಇಟ್ಟು ಸುತ್ತಲೂ ಮೆಗ್ನೀಸಿಯಂ ಆಕ್ಸೈಡ್ ಪುಡಿಯನ್ನು ಬಿಗಿಯಾಗಿ ತುಂಬಿ ಎಳೆದಿರುತ್ತಾರೆ. ಪುಡಿ ತಂತಿಗಳನ್ನು ಅಲುಗಾಡಲು ಬಿಡದು, ಒಂದಕ್ಕೊಂದು ತಾಕಲೂ ಬಿಡದು, ಉರಿಗೂ ಕರಗದು. ಅದರ ಒಂದೇ ಬಲಹೀನತೆ ತೇವ. ಬಾಯಿಯ ಮುದ್ರೆ ಬಿಟ್ಟುಕೊಂಡರೆ ಉಪ್ಪಿನಂತೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊರಗಿನ ಒರೆಗೆ ಥರ್ಮೋವೆಲ್ ಎನ್ನುತ್ತಾರೆ. ಅದು ಒಂದು ಕಡೆ ಮುಚ್ಚಿದ ದಪ್ಪ ಉಕ್ಕಿನ ಕೊಳವೆ. ಪೆಟ್ಟು, ಸವೆತ, ಒತ್ತಡ ಎಲ್ಲವನ್ನೂ ಅದು ತಿನ್ನುತ್ತದೆ. ಕೆಲಸ ನಿಲ್ಲಿಸದೆ ಸೆನ್ಸರನ್ನು ಹೊರಗೆಳೆದು ಬದಲಿಸಲೂ ಅನುಕೂಲ. ಆದರೆ ಒರೆ ದಪ್ಪವಾದಷ್ಟೂ ಶಾಖ ಒಳಗೆ ತಲುಪುವುದು ತಡ. ಹೆಚ್ಚು ಬಾಳಬೇಕೆಂದು ಅತಿ ದಪ್ಪ ಒರೆ ಹಾಕಿದರೆ ಕಾಳು ಸುಟ್ಟ ಮೇಲೆ ಮೀಟರು ಏರುತ್ತದೆ. ಗಟ್ಟಿತನಕ್ಕೂ ಚುರುಕಿಗೂ ಹೊಂದಿಕೆ ಮಾಡುವುದೇ ಈ ವಿದ್ಯೆಯ ಕಷ್ಟದ ಭಾಗ.

ಲೋಹದ ಆಯ್ಕೆಯೂ ಅಷ್ಟೇ ಮುಖ್ಯ. ಕೆ-ಟೈಪ್ ತಂತಿಯನ್ನು 800ರಿಂದ 1000 ಡಿಗ್ರಿ ಶಾಖದಲ್ಲಿ, ಗಾಳಿ ಸಾಲದ ಕಡೆ ಇಟ್ಟರೆ ಅದರಲ್ಲಿನ ಕ್ರೋಮಿಯಂ ಮಾತ್ರ ಆರಿಸಿದಂತೆ ತುಕ್ಕಾಗಿ ಹಸಿರು ಬಣ್ಣ ತಾಳುತ್ತದೆ. ಇದಕ್ಕೆ ಹಸಿರು ಕೊಳೆ ರೋಗ ಎನ್ನಬಹುದು. ಅಡಿಕೆಯ ಕೊಳೆಯಂತೆ ಉದುರಿ ಬಿದ್ದು ಸುದ್ದಿ ತಿಳಿಸದು. ನಿಜವಾದ ಶಾಖಕ್ಕಿಂತ ಕಡಿಮೆ ತೋರಿಸುತ್ತ ಕೂತಿರುತ್ತದೆ. ಇಂಥ ದೋಷ ತಗ್ಗಿಸಲೆಂದು 1970ರ ದಶಕದಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ಸಿಲಿಕಾನ್ ಹೆಚ್ಚು ಸೇರಿಸಿದ ಎನ್-ಟೈಪ್ ಎಂಬ ಹೊಸ ಜೋಡಿಯನ್ನು ರೂಪಿಸಿದರು.

ಕುಲುಮೆಯ ಬಾಯಲ್ಲಿ

ಕೊಪ್ಪಳ ಜಿಲ್ಲೆಯಲ್ಲೇ ಇನ್ನೂ ಕಠಿಣವಾದ ಪರೀಕ್ಷೆ ನಡೆಯುವ ಸ್ಥಳವಿದೆ. ಬೇವಿನಹಳ್ಳಿಯಲ್ಲಿ ಕಿರ್ಲೋಸ್ಕರ್ ಫೆರಸ್ ಕಾರ್ಖಾನೆ ಅದಿರಿನಿಂದ ಬೀಡುಕಬ್ಬಿಣ ತೆಗೆಯುತ್ತದೆ. ಊದುಕುಲುಮೆಯಿಂದ ಹೊರಬರುವ ಕಬ್ಬಿಣದ ರಸದ ಶಾಖ ಸಾಮಾನ್ಯವಾಗಿ 1400ರಿಂದ 1500 ಡಿಗ್ರಿ. ಅಂಥ ರಸದಲ್ಲಿ ಯಾವ ಒರೆಯೂ ಬಹುಕಾಲ ನಿಲ್ಲದು. ಆದುದರಿಂದ ಕಬ್ಬಿಣದ ಉದ್ಯಮದಲ್ಲಿ ಇದಕ್ಕೆ ಬೇರೆ ಉಪಾಯವಿದೆ. ಕೂದಲಿನಂಥ ಪ್ಲಾಟಿನಂ–ರೋಡಿಯಂ ತಂತಿಯನ್ನು ಪುಟ್ಟ ಸ್ಫಟಿಕದ ನಳಿಗೆಯಲ್ಲಿಟ್ಟು, ರಟ್ಟಿನ ಕೊಳವೆಯ ತುದಿಗೆ ಸಿಕ್ಕಿಸಿ ರಸದಲ್ಲಿ ಅದ್ದುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಶಾಖ ತಿಳಿಯುತ್ತದೆ. ರಟ್ಟು ಉರಿದುಹೋಗುವ ಮೊದಲು ಕೆಲಸ ಮುಗಿದಿರುತ್ತದೆ. ಆ ತುದಿಯನ್ನು ಎಸೆದು ಮುಂದಿನ ಸಲಕ್ಕೆ ಹೊಸದನ್ನು ಸಿಕ್ಕಿಸುತ್ತಾರೆ.

ಕುಲುಮೆಯ ಗೋಡೆಯಲ್ಲಿ ಹುದುಗಿಸುವ ಥರ್ಮೋಕಪಲ್‌ಗಳ ಕೆಲಸ ಇದಕ್ಕೆ ತದ್ವಿರುದ್ಧ. ಅವು ವರ್ಷಗಟ್ಟಲೆ ಇಟ್ಟಿಗೆಯೊಳಗೆ ಕೂತಿರುತ್ತವೆ. ಒಳಗಿನ ಇಟ್ಟಿಗೆ ಸವೆದಂತೆ ಆ ಜಾಗದ ಶಾಖ ಏರುತ್ತದೆ. ಏರಿಕೆಯನ್ನು ನೋಡಿ ಗೋಡೆ ಎಷ್ಟು ಉಳಿದಿದೆ ಎಂದು ಲೆಕ್ಕ ಹಾಕುತ್ತಾರೆ. ಅಲ್ಲಿ ಸೆನ್ಸರ್ ಸುಳ್ಳು ಹೇಳಿದರೆ ಗೋಡೆ ಒಡೆದು ರಸ ಹೊರನುಗ್ಗಬಹುದು, ಕೆಲಸಗಾರರ ಪ್ರಾಣಕ್ಕೇ ಸಂಚಕಾರ. ಆದ್ದರಿಂದ ಒಂದನ್ನೇ ನಂಬದೆ ಹಲವನ್ನು ಹುದುಗಿಸಿ, ಒಂದರ ಮಾತನ್ನು ಇನ್ನೊಂದರಿಂದ ತಾಳೆ ನೋಡುತ್ತಾರೆ.

ಸತ್ತ ಸೆನ್ಸರ್, ಸುಳ್ಳಿನ ಸೆನ್ಸರ್

ಇಲ್ಲಿಯವರೆಗೆ ಹೇಳಿದ್ದರ ಸಾರ ಒಂದೇ. ಸತ್ತ ಸೆನ್ಸರಿನಿಂದ ಆಗುವ ನಷ್ಟ ಒಂದು ಹೊಸ ಕಡ್ಡಿಯ ಬೆಲೆ. ಸುಳ್ಳು ಹೇಳುವ ಸೆನ್ಸರಿನಿಂದ ಆಗುವ ನಷ್ಟ ಒಂದು ಡ್ರಮ್ಮು ಕಾಫಿ. ಬಾಳಿಕೆ ಎಂದರೆ ಮುರಿಯದೆ ಉಳಿಯುವುದಷ್ಟೇ ಅಲ್ಲ. ಇರುವಷ್ಟು ದಿನ ನಿಜ ಹೇಳಿ, ಕೆಟ್ಟಾಗ ಕೆಟ್ಟಿದ್ದೇನೆ ಎಂದು ತಿಳಿಸುವುದು.

ನಮಗೆ ಇದು ಏಕೆ ಮುಖ್ಯವೆಂದರೆ ಸಾಮಾನ್ಯ ದೋಷಗಳಲ್ಲಿ ಹೆಚ್ಚಿನವು ಸೆನ್ಸರ್ ಕಡಿಮೆ ತೋರಿಸುವಂತೆ ಮಾಡುತ್ತವೆ. ಪಿಟಿ-100ರ ತಲೆಯ ಡಬ್ಬಿಯೊಳಗೆ ಮಳೆನೀರು ಇಳಿದರೆ ವಿದ್ಯುತ್ತು ಅಡ್ಡದಾರಿಯಲ್ಲಿ ಹರಿದು ಶಾಖ ಕಡಿಮೆ ಕಾಣುತ್ತದೆ. ಥರ್ಮೋಕಪಲ್ ತಂತಿಯ ಹೊದಿಕೆ ಸುಟ್ಟು ಅಥವಾ ಇಲಿ ಕಡಿದು ತಂತಿಗಳು ನಡುವೆ ಎಲ್ಲೋ ತಾಕಿಕೊಂಡರೆ ಅದು ತುದಿಯ ಶಾಖ ಬಿಟ್ಟು ತಾಕಿದ ಜಾಗದ ಶಾಖ ಹೇಳತೊಡಗುತ್ತದೆ. ಅಲುಗಾಟಕ್ಕೆ ಸೆನ್ಸರ್ ಒರೆಯಿಂದ ಎರಡು ಬೆರಳು ಹೊರಗೆ ಸರಿದರೂ ಹಾಗೆಯೇ. ಮೀಟರು ಕಡಿಮೆ ತೋರಿಸಿದಾಗ ಆಳು ಏನು ಮಾಡುತ್ತಾನೆ? ಇನ್ನೆರಡು ಕೊರಡು ಸೌದೆ ಒಲೆಗೆ ತಳ್ಳುತ್ತಾನೆ. ತಾನೇ ನಡೆಯುವ ಯಂತ್ರವಾದರೆ ಅದೂ ಅದನ್ನೇ ಮಾಡುತ್ತದೆ.

ನಮ್ಮ ಸದಸ್ಯರೊಬ್ಬರ ಡ್ರೈಯರಿನಲ್ಲಿ ಹೀಗೆಯೇ ಆಯಿತು. ರಿಪೇರಿಯ ಮೇಲೆ ಸೆನ್ಸರನ್ನು ಒರೆಯೊಳಗೆ ಪೂರ್ತಿ ತಳ್ಳಿರಲಿಲ್ಲ. ರಾತ್ರಿಯೆಲ್ಲ ಮೀಟರು 42 ಡಿಗ್ರಿ ತೋರಿಸಿತು. ಬೆಳಿಗ್ಗೆ ಪಾರ್ಚ್‌ಮೆಂಟ್ ಸಿಪ್ಪೆ ಒಡೆದಿತ್ತು, ಬೇಳೆಯ ಬಣ್ಣ ಮಾಸಿತ್ತು. ಯಂತ್ರ ಹೊಸದು, ಮೋಟಾರು ಒಳ್ಳೆಯದು, ಆಳು ನಿದ್ದೆ ಮಾಡಿರಲಿಲ್ಲ. ಆದರೂ ಕಾಫಿ ಒಂದು ದರ್ಜೆ ಇಳಿಯಿತು. ಯಂತ್ರದಲ್ಲಿ ಒಣಗಿಸುವಾಗ ಕಾಳಿನ ಶಾಖ ಪಾರ್ಚ್‌ಮೆಂಟಿಗೆ ಸುಮಾರು 40 ಡಿಗ್ರಿ, ಚೆರ್ರಿಗೆ 45 ಡಿಗ್ರಿ ದಾಟಬಾರದೆಂಬ ಮಾತನ್ನು ನೆನಪಿಡಬೇಕು. ಇಷ್ಟು ಕಿರಿದಾದ ಮಿತಿಯಲ್ಲಿ ಐದು ಡಿಗ್ರಿ ಸುಳ್ಳೂ ದೊಡ್ಡದೇ.

ಹೆಚ್ಚು ತೋರಿಸುವ ದೋಷವೂ ಇದೆ. ಎರಡೇ ತಂತಿಯ ಪಿಟಿ-100ರಲ್ಲಿ ಸ್ಕ್ರೂ ಸಡಿಲವಾಗಿ ಒಂದು ಓಮ್ ತಡೆ ಸೇರಿಕೊಂಡರೆ ಮೀಟರು ಎರಡೂವರೆ ಡಿಗ್ರಿಗೂ ಹೆಚ್ಚು ಏರುತ್ತದೆ. ಆಗ ಉರಿ ಸಾಲದೆ ಕಾಳಿನಲ್ಲಿ ತೇವ ಉಳಿಯುತ್ತದೆ. ಪಾರ್ಚ್‌ಮೆಂಟನ್ನು ನೂರಕ್ಕೆ 10ರಷ್ಟು ತೇವಕ್ಕೆ ಇಳಿಸದೆ ಗೋದಾಮಿಗೆ ಹಾಕಿದರೆ ಬೂಷ್ಟು ಕಾಯುತ್ತಿರುತ್ತದೆ.

ಅಡಿಕೆಯವರಿಗೆ ಇನ್ನೊಂದು ಎಚ್ಚರಿಕೆ. ಅಡಿಕೆ ಬೇಯಿಸುವ ಚೊಗರು ಟ್ಯಾನಿನ್ ತುಂಬಿದ ದ್ರವ. ಕಬ್ಬಿಣ ತಾಕಿದರೆ ಅದು ಶಾಯಿಯಂತೆ ಕಪ್ಪಾಗುತ್ತದೆ. ಹಿರಿಯರು ತಾಮ್ರದ ಹಂಡೆ ಬಳಸಿದ್ದರಲ್ಲಿ ಅರ್ಥವಿದೆ. ಹಂಡೆಗೆ ಶಾಖಮಾಪಕ ಇಳಿಬಿಡುವವರು ಬರಿಯ ಕಬ್ಬಿಣದ ಒರೆಯನ್ನು ಬಳಸಬಾರದು. ಒರೆಯೂ ತೂತಾಗುತ್ತದೆ, ಅಡಿಕೆಯ ಬಣ್ಣವೂ ಕೆಡುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ಒರೆಯೇ ಇರಲಿ. ಪಾದರಸದ ಗಾಜಿನ ಕಡ್ಡಿಯನ್ನಂತೂ ಹಂಡೆಯ ಹತ್ತಿರಕ್ಕೂ ತರಬಾರದು. ಒಡೆದರೆ ಪಾದರಸ ತಿನ್ನುವ ವಸ್ತುವಿನಲ್ಲಿ ಸೇರುತ್ತದೆ.

ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು

1. ಸೆನ್ಸರ್ ಯಾವ ಜಾತಿಯದು? ಕಾಳಿನ ಶಾಖ ನೋಡಲು ಪಿಟಿ-100 ಉತ್ತಮ. ಸಾಮಾನ್ಯ ಬಿ ದರ್ಜೆಯ ಪಿಟಿ-100ಕ್ಕೆ 45 ಡಿಗ್ರಿಯಲ್ಲಿ ಅಂತರರಾಷ್ಟ್ರೀಯ ಮಾನಕ ಬಿಡುವ ವ್ಯತ್ಯಾಸ ಸುಮಾರು ಅರ್ಧ ಡಿಗ್ರಿ. ಸಾಮಾನ್ಯ ದರ್ಜೆಯ ಕೆ-ಟೈಪಿಗೆ ಅದು ಎರಡೂವರೆ ಡಿಗ್ರಿ. ಒಲೆ, ಹೊಗೆಕೊಳವೆಗಳಿಗೆ ಕೆ-ಟೈಪ್ ಸಾಕು.

2. ಪಿಟಿ-100 ಮೂರು ತಂತಿಯದೇ? ಮೂರನೆಯ ತಂತಿ ಉದ್ದನೆಯ ಕೇಬಲ್ಲಿನ ತಡೆಯನ್ನು ಲೆಕ್ಕದಿಂದ ಕಳೆಯುತ್ತದೆ.

3. ಥರ್ಮೋಕಪಲ್ ಆದರೆ ಮೀಟರಿನವರೆಗೂ ಅದಕ್ಕೆ ಹೊಂದುವ ಲೋಹದ ಕೇಬಲ್ ಇದೆಯೇ? ನಡುವೆ ತುಂಡಾದಾಗ ಮನೆಯ ವೈರಿಂಗಿನ ತಾಮ್ರದ ತಂತಿ ಸೇರಿಸಿದರೆ ಅಳತೆ ಕೆಡುತ್ತದೆ.

4. ಸೆನ್ಸರ್ ತುಂಡಾದರೆ ಯಂತ್ರ ಏನು ಮಾಡುತ್ತದೆ? ಗಂಟೆ ಬಾರಿಸಿ ಉರಿ ತಗ್ಗಿಸಬೇಕು. ಕೊಳ್ಳುವ ಮೊದಲು ತಂತಿಯೊಂದನ್ನು ಬಿಚ್ಚಿಸಿ ಕಣ್ಣಾರೆ ನೋಡಿರಿ.

5. ತಲೆಯ ಡಬ್ಬಿಗೆ ನೀರು, ಧೂಳು ಇಳಿಯದ ಮುಚ್ಚಳವಿದೆಯೇ? ಐಪಿ-65 ಎಂಬ ಗುರುತಿದ್ದರೆ ಧೂಳು ಹೋಗದು, ಪಿಚಕಾರಿಯ ನೀರನ್ನೂ ತಡೆಯುತ್ತದೆ. ಕೇಬಲ್ ಡಬ್ಬಿಯ ಕೆಳಗಿನಿಂದ ಒಳಹೋಗಲಿ. ಮೇಲಿನಿಂದ ಹೋದರೆ ಮಳೆನೀರಿಗೆ ಅದೇ ದಾರಿ.

6. ತುದಿ ಎಲ್ಲಿದೆ? ಬಿಸಿಗಾಳಿಯ ಶಾಖ ಬೇರೆ, ಕಾಳಿನ ಶಾಖ ಬೇರೆ. ಎರಡು ಕಡೆಯೂ ಸೆನ್ಸರ್ ಇದ್ದರೆ ಒಳ್ಳೆಯದು. ತುದಿ ಕನಿಷ್ಠ ಕಡ್ಡಿಯ ದಪ್ಪದ ಹತ್ತರಷ್ಟು ಆಳಕ್ಕೆ ಇಳಿದಿರಬೇಕು.

ಮನೆಯಲ್ಲೇ ಪರೀಕ್ಷೆ

ಸೆನ್ಸರಿನ ಪ್ರಾಮಾಣಿಕತೆ ತಿಳಿಯಲು ಪ್ರಯೋಗಾಲಯಕ್ಕೇ ಹೋಗಬೇಕೆಂದಿಲ್ಲ. ಒಂದು ಪಾತ್ರೆಯಲ್ಲಿ ಮಂಜುಗಡ್ಡೆಯನ್ನು ಚೆನ್ನಾಗಿ ಪುಡಿಮಾಡಿ, ಸಂದು ತುಂಬುವಷ್ಟು ಮಾತ್ರ ಶುದ್ಧ ನೀರು ಸೇರಿಸಿ ಕಲಕಿರಿ. ಸೆನ್ಸರನ್ನು ಅದರ ನಡುವೆ ಹತ್ತು ನಿಮಿಷ ಇಟ್ಟರೆ ಮೀಟರು 0 ಡಿಗ್ರಿಗೆ ಬರಬೇಕು. ಅನಂತರ ಕುದಿಯುವ ನೀರಿನಲ್ಲಿ ಇಟ್ಟು ನೋಡಿರಿ. ಇಲ್ಲಿ ಒಂದು ಸೂಕ್ಷ್ಮವಿದೆ. ನೀರು 100 ಡಿಗ್ರಿಯಲ್ಲಿ ಕುದಿಯುವುದು ಸಮುದ್ರಮಟ್ಟದಲ್ಲಿ. ಸುಮಾರು 300 ಮೀಟರ್ ಏರಿದಂತೆ ಒಂದು ಡಿಗ್ರಿ ಇಳಿಯುತ್ತದೆ. ಸುಮಾರು 400 ಮೀಟರ್ ಎತ್ತರದ ಗಂಗಾವತಿಯ ಕಡೆ 98 ಡಿಗ್ರಿಯ ಮೇಲೆ, ಸುಮಾರು 1150 ಮೀಟರ್ ಎತ್ತರದ ಮಡಿಕೇರಿಯಲ್ಲಿ 96ರ ಹತ್ತಿರ ನೀರು ಕುದಿಯುತ್ತದೆ. ಬೆಟ್ಟದ ತೋಟದಲ್ಲಿ ಮೀಟರು 96 ತೋರಿಸಿದರೆ ಸೆನ್ಸರಿನ ಮೇಲೆ ತಪ್ಪು ಹೊರಿಸಬೇಡಿ.

ಎರಡೂ ಕಡೆ ಒಂದೇ ಪ್ರಮಾಣದ ವ್ಯತ್ಯಾಸ ಕಂಡರೆ ಮೀಟರಿನಲ್ಲಿ ಅಷ್ಟನ್ನು ಸರಿಪಡಿಸಬಹುದು. ಒಂದೊಂದು ಸಲ ಒಂದೊಂದು ಮಾತು ಹೇಳಿದರೆ ಅಥವಾ ಕಡ್ಡಿಯನ್ನು ತಟ್ಟಿದಾಗ ಅಂಕೆ ಕುಣಿದರೆ ಅದನ್ನು ಎಸೆದು ಹೊಸದನ್ನು ಹಾಕಿರಿ. ಕಬ್ಬಿಣದ ಉದ್ಯಮದವರು ಒಂದೊಂದು ಅಳತೆಗೆ ಒಂದೊಂದು ತುದಿ ಎಸೆಯುವಾಗ, ವರ್ಷದ ಬೆಳೆ ಕಾಯುವ ಕಡ್ಡಿಯಲ್ಲಿ ಉಳಿತಾಯ ಮಾಡುವುದು ಜಾಣತನವಲ್ಲ. ಹೆಚ್ಚಿನ ಖಚಿತತೆ ಬೇಕಾದ ಕ್ಯೂರಿಂಗ್ ಕೆಲಸದವರು ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದಲ್ಲಿ ತಾಳೆ ನೋಡಿಸಿ ಪ್ರಮಾಣಪತ್ರ ಪಡೆಯಬಹುದು.

ಸದಸ್ಯರಲ್ಲಿ ನಮ್ಮ ವಿನಂತಿ ಇಷ್ಟೆ. ಕೊಯ್ಲು ಶುರುವಾಗುವ ಎರಡು ವಾರ ಮೊದಲು ಡ್ರೈಯರಿನ ಸೆನ್ಸರನ್ನು ಹೊರತೆಗೆದು ಒರೆಸಿ, ಮಂಜುಗಡ್ಡೆ ಮತ್ತು ಕುದಿನೀರಿನ ಪರೀಕ್ಷೆ ಮಾಡಿ, ದಿನಾಂಕದೊಂದಿಗೆ ಅಂಕೆಯನ್ನು ಪುಸ್ತಕದಲ್ಲಿ ಬರೆದಿಡಿ. ಮರುವರ್ಷ ಅದೇ ಪರೀಕ್ಷೆ ಮಾಡಿದಾಗ ಹಿಂದಿನ ಅಂಕೆಯೊಂದಿಗೆ ಹೋಲಿಸಿದರೆ ಸೆನ್ಸರ್ ಜಾರುತ್ತಿದೆಯೇ ಎಂಬುದು ತಾನೇ ತಿಳಿಯುತ್ತದೆ. ಒಂದು ಬಿಡಿ ಸೆನ್ಸರ್ ಮನೆಯಲ್ಲಿರಲಿ. ಮಳೆಯ ರಾತ್ರಿ ಡ್ರಮ್ಮಿನಲ್ಲಿ ಕಾಫಿ ಇರುವಾಗ ಪೇಟೆಗೆ ಓಡಲಾಗದು. ಹಲವರು ಸೇರಿ ಒಂದೇ ಜಾತಿಯ ಡ್ರೈಯರ್ ಇಟ್ಟುಕೊಂಡಿರುವ ಊರುಗಳಲ್ಲಿ ಬಿಡಿ ಸೆನ್ಸರುಗಳನ್ನು ಒಟ್ಟಿಗೆ ತರಿಸಿಕೊಂಡರೆ ದರದಲ್ಲೂ ಅನುಕೂಲ, ಅಗತ್ಯ ಬಿದ್ದಾಗ ನೆರೆಮನೆಯಿಂದ ಪಡೆಯಲೂ ಸುಲಭ. ಸಹಕಾರವೆಂಬ ಮಾತಿಗೆ ಇದೂ ಒಂದು ಅರ್ಥ.